ಹೂಮಾಲೆಯಿಂದ ತೀರುವ ಋಣವಲ್ಲ



ಜಾತ್ರೆ, ಪುಣ್ಯಸ್ಮರಣೆಗಳ ಕಾಲದಲ್ಲಿ ನಮ್ಮ ಮಠಗಳ ಸಭಾಮಂಟಪಗಳಲ್ಲಿ ಒಂದು ದೃಶ್ಯವು ವರ್ಷವೂ ತಪ್ಪದೆ ಕಾಣಬರುತ್ತದೆ. ಪ್ರಸಾದನಿಲಯದಲ್ಲಿ ಉಂಡು ಓದಿ, ಈಗ ಸರಕಾರದ ಇಲಾಖೆಯಲ್ಲಿಯೋ ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ಹೊಸದಾಗಿ ನೌಕರಿ ಹಿಡಿದ ತರುಣನು ವೇದಿಕೆಯನ್ನೇರಿ, ಪೂಜ್ಯರ ಪಾದಕ್ಕೆರಗಿ, ಆಳುದ್ದದ ಹೂಮಾಲೆಯೊಂದನ್ನು ಅರ್ಪಿಸಿ, ತಾನು ಇಂದು ಏನಾಗಿರುವನೋ ಅದೆಲ್ಲವೂ ಮಠದ ಪ್ರಸಾದವೆಂದು ಗದ್ಗದಕಂಠದಿಂದ ನುಡಿಯುತ್ತಾನೆ. ಸಭೆಯು ಚಪ್ಪಾಳೆ ತಟ್ಟುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ತಾಯಿಯು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ. ಇದನ್ನು ಕಂಡು ಮನಸ್ಸು ಕರಗದವನು ಕಲ್ಲೆದೆಯವನೇ ಸರಿ. ಆ ತರುಣನ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆ ಗಳಿಗೆಯಲ್ಲಿ ಅದು ನಿಜವೇ ಆಗಿರುತ್ತದೆ.

ಆದರೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾರೆ. ಜಾತ್ರೆ ಮುಗಿದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆತನು ಎಲ್ಲಿರುತ್ತಾನೆ? ಸಾಯಂಕಾಲ ನಾಲ್ಕು ಗಂಟೆಗೆ ಎಲ್ಲಿರುತ್ತಾನೆ? ಕೃತಜ್ಞತೆಯೆಂಬುದು ವೇದಿಕೆಯ ಮೇಲೆ ಉದಿಸಿ ವೇದಿಕೆಯ ಮೇಲೆಯೇ ಅಸ್ತಮಿಸುವ ವಸ್ತುವಾದರೆ ಅದಕ್ಕಾಗಿ ಇಷ್ಟು ಹೂವನ್ನು ಕೊಯ್ಯಬೇಕಾಗಿರಲಿಲ್ಲ. ನೌಕರಿಯ ಮೊದಲ ನಾಲ್ಕೈದು ವರ್ಷಗಳಲ್ಲಿ, ಯಾರೂ ನೋಡದ ಊರಿನಲ್ಲಿ, ಯಾರೂ ಚಪ್ಪಾಳೆ ತಟ್ಟದ ಕೆಲಸದಲ್ಲಿ ಅದರ ನಿಜವಾದ ಪರೀಕ್ಷೆ ನಡೆಯುತ್ತದೆ. ಆ ಪರೀಕ್ಷೆಯಲ್ಲಿ ನಮ್ಮವರಲ್ಲಿ ಬಹಳ ಮಂದಿ ಅನುತ್ತೀರ್ಣರಾಗುತ್ತಿದ್ದಾರೆಂಬುದು ನನ್ನ ಆರೋಪ. ಆರೋಪಿಗಳ ಸಾಲಿನಲ್ಲಿ ಮೊದಲು ನಾನೇ ನಿಂತಿರುವುದರಿಂದ ಇದನ್ನು ಹೇಳುವ ಅಧಿಕಾರವು ನನಗೆ ಸ್ವಲ್ಪಮಟ್ಟಿಗಾದರೂ ಇದೆಯೆಂದು ಭಾವಿಸುತ್ತೇನೆ.

ಕಲಬುರಗಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಹುಮನಾಬಾದ್ ಮಾರ್ಗದ ಬಸ್ಸಿಗಾಗಿ ಕಾಯುವವರನ್ನು ನೋಡಿರಿ. ಕೈಯಲ್ಲಿ ಊಟದ ಡಬ್ಬಿ, ಹೆಗಲಲ್ಲಿ ಚೀಲ, ಕಣ್ಣು ಗಡಿಯಾರದ ಮೇಲೆ. ಇವರಲ್ಲಿ ಅನೇಕರು ಕಮಲಾಪುರದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಕೆಲಸ ಮಾಡುವ ಶಿಕ್ಷಕರು, ಗುಮಾಸ್ತರು, ಆರೋಗ್ಯ ಇಲಾಖೆಯವರು, ಪಂಚಾಯತಿಯವರು. ನಮ್ಮ ಕಡೆಯ ಮಾತಿನಲ್ಲಿ ಇವರು 'ಅಪ್-ಡೌನ್' ಮಾಡುವವರು. ನಗರದಿಂದ ಕಮಲಾಪುರಕ್ಕೆ ೪೦ ಕಿಲೋಮೀಟರಿಗೂ ಕಡಿಮೆ ದೂರ. ಇಷ್ಟು ಸಮೀಪವಾಗಿರುವುದೇ ಆ ಊರಿನ ದುರದೃಷ್ಟವಾಗಿದೆ. ದೂರದ ಊರಾಗಿದ್ದರೆ ನೌಕರನು ಅನಿವಾರ್ಯವಾಗಿ ಅಲ್ಲಿಯೇ ಮನೆ ಮಾಡುತ್ತಿದ್ದನು. ಈಗ ಆತನು ಬಿಸಿಲೇರಿದ ಮೇಲೆ ಬರುತ್ತಾನೆ, ಬಿಸಿಲಿಳಿಯುವ ಮೊದಲೇ ಹೊರಡುತ್ತಾನೆ. ಕಮಲಾಪುರವು ಬಹುಕಾಲ ಕಲಬುರಗಿ ತಾಲ್ಲೂಕಿನ ಒಂದು ಊರಾಗಿದ್ದು, ೨೦೧೭ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಅದೇ ವರ್ಷ ಬೀದರ-ಕಲಬುರಗಿ ರೈಲುಮಾರ್ಗವೂ ತೆರೆಯಿತು. ತಾಲ್ಲೂಕಿನ ಫಲಕ ಬಂದಿತು, ಕಚೇರಿ ಬಂದಿತು, ರೈಲು ಬಂದಿತು. ಸಾಯಂಕಾಲದ ಹೊತ್ತು ಊರಿನಲ್ಲಿ ಉಳಿಯುವ ನೌಕರನು ಮಾತ್ರ ಬರಲಿಲ್ಲ.

ನಾನು ೧೯೮೪ರಲ್ಲಿ ಕಮಲಾಪುರದಾಚೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಶಿಕ್ಷಕನಾಗಿ ನೇಮಕಗೊಂಡೆನು. ಬಡ ಒಕ್ಕಲು ಮನೆತನದ ನನಗೆ ಆರು ವರ್ಷ ಅನ್ನವಿತ್ತದ್ದು ಗುಲಬರ್ಗೆಯ ಒಂದು ಪ್ರಸಾದನಿಲಯ. ಮೊದಲ ತಿಂಗಳ ಸಂಬಳ ಕೈಗೆ ಬಂದ ಭಾನುವಾರ, ತೆಂಗಿನಕಾಯಿ, ಸಕ್ಕರೆ, ಹೂಮಾಲೆಗಳನ್ನು ಕೊಂಡು ಮಠಕ್ಕೆ ಹೋದೆನು. ಪೂಜ್ಯರ ದರ್ಶನವಾಯಿತು, ಆಶೀರ್ವಾದವಾಯಿತು. ಹಿಂತಿರುಗುವಾಗ ಅಡುಗೆಮನೆಯ ಬಾಗಿಲಿಗೆ ಹೋಗಿ, ನಮಗೆ ರೊಟ್ಟಿ ಬಡಿದು ಹಾಕಿದ ಅಡುಗೆಯ ಅಜ್ಜನ ಕಾಲಿಗೂ ಬಿದ್ದೆನು. ಅಜ್ಜನು ಹಿಟ್ಟಿನ ಕೈಯಿಂದಲೇ ನನ್ನ ತಲೆ ಸವರಿ ಕೇಳಿದನು:

"ಏನೋ ತಮ್ಮಾ, ಮಾಸ್ತರ ಆದಿ ಅಂತ. ನಿನ್ನ ಸಾಲ್ಯಾಗ ಎಷ್ಟ ಮಂದಿ ಹುಡುಗರು ಅದಾರ?"

"ಐವತ್ತೆರಡು ಮಂದಿ ಅದಾರ ಅಜ್ಜಾ."

"ಹತ್ತ ಮಂದಿ ಹೆಸರು ಹೇಳು ನೋಡಮು."

ಆರನೆಯ ಹೆಸರಿಗೆ ನನ್ನ ನಾಲಗೆ ತಡೆಯಿತು. ಶಾಲೆಗೆ ಹೋಗತೊಡಗಿ ಆಗ ಎರಡು ತಿಂಗಳಾಗಿತ್ತು. ಅಜ್ಜನು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ರೊಟ್ಟಿಯ ಹಂಚಿನ ಕಡೆಗೆ ತಿರುಗಿಕೊಂಡನು. ಆದರೆ ಆತನಿಗೆ ಪ್ರಸಾದನಿಲಯದ ಇನ್ನೂರು ಹುಡುಗರ ಹೆಸರು ಗೊತ್ತಿದ್ದವು. ಯಾರ ಊರು ಯಾವುದು, ಯಾರಿಗೆ ಬದನೆಕಾಯಿ ಸೇರದು, ಯಾರು ತಾಯಿಯಿಲ್ಲದ ಮಗು, ಪರೀಕ್ಷೆಯ ದಿನ ಯಾರು ಉಣ್ಣದೆ ಹೋಗುತ್ತಾನೆ, ಎಲ್ಲವೂ ಗೊತ್ತಿದ್ದವು. ಓದು ಬರಹ ಬಾರದ ಆ ಮನುಷ್ಯನಿಗೆ ಇನ್ನೂರು ಹೆಸರು. ಸರಕಾರದ ಸಂಬಳ ಪಡೆಯುವ ನನಗೆ ಆರು. ನನ್ನ ಹೂಮಾಲೆಯು ಅಂದು ನನ್ನ ಕಣ್ಣಿಗೇ ಹಗುರವಾಗಿ ಕಂಡಿತು.

ನಾನು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವನಾಗಿದ್ದೆನು. ಮಳೆ ಬಂದು ಬಸ್ಸು ತಡವಾದರೆ ಶಾಲೆಯೂ ತಡವಾಗಿ ತೆರೆಯುತ್ತಿತ್ತು. ಮೂರೂವರೆಗೇ ನನ್ನ ಕಿವಿ ಬಸ್ಸಿನ ಸಪ್ಪಳದ ಕಡೆಗಿರುತ್ತಿತ್ತು. ಅದರಲ್ಲಿ ನನಗೆ ಯಾವ ಪಾಪಭೀತಿಯೂ ಇರಲಿಲ್ಲ. ಏಕೆಂದರೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಹದಿನಾಲ್ಕು ತಿಂಗಳು ಕಳೆದ ಮೇಲೆ ನಾನು ಕಮಲಾಪುರದಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ನಿಂತೆನು. ಈಗ ನಿವೃತ್ತನಾಗಿ ಹಿಂತಿರುಗಿ ನೋಡಿದರೆ, ನನ್ನ ವೃತ್ತಿಯು ಆರಂಭವಾದದ್ದು ನೇಮಕದ ಆದೇಶ ಬಂದ ದಿನವಲ್ಲ, ಆ ಕೋಣೆಯ ಬೀಗವನ್ನು ತೆಗೆದ ದಿನವೆಂದೇ ತೋರುತ್ತದೆ.

ಈಗ ಋಣದ ವಿಚಾರಕ್ಕೆ ಬರೋಣ. ಮಠದಲ್ಲಿ ನಾವು ಉಂಡ ರೊಟ್ಟಿ ಯಾರದು? ಪೂಜ್ಯರದೆಂದು ನಾವು ಹೇಳುತ್ತೇವೆ. ಪೂಜ್ಯರನ್ನು ಕೇಳಿದರೆ ಅವರು ಭಕ್ತರದೆಂದು ಹೇಳುತ್ತಾರೆ. ಭಕ್ತರೆಂದರೆ ಯಾರು? ರಾಶಿಯ ಕಾಲದಲ್ಲಿ ತನ್ನ ಮನೆಗೆ ಚೀಲ ತುಂಬುವ ಮೊದಲೇ ಮಠದ ಪಾಲನ್ನು ಅಳೆದು ಬದಿಗಿಟ್ಟ ರೈತನು. ತೊಗರಿ ಮಾರಿದ ಹಣದಲ್ಲಿ ಕಿಂಚಿತ್ತನ್ನು ಕಾಣಿಕೆಯ ಹುಂಡಿಗೆ ಹಾಕಿದ ಹೆಣ್ಣುಮಗಳು. ತನಗೆ ಹೊಲವಿಲ್ಲದ ಕಾರಣ ಜಾತ್ರೆಯ ದಾಸೋಹಕ್ಕೆ ಮೂರು ದಿನ ಕಟ್ಟಿಗೆ ಒಡೆದು ಹೋದ ಕೂಲಿಯವನು. ಇವರೆಲ್ಲ ಎಲ್ಲಿಯವರು? ಅದೇ ಕಮಲಾಪುರದ ಕಡೆಯವರು; ಆಳಂದ, ಚಿಂಚೋಳಿ, ಜೇವರ್ಗಿಗಳ ಕಡೆಯವರು. ಅಂದಮೇಲೆ ನಮಗೆ ಸಾಲ ಕೊಟ್ಟವನ ಮೊಮ್ಮಗನೇ ಇಂದು ಆ ಶಾಲೆಯ ಮೂರನೆಯ ಸಾಲಿನಲ್ಲಿ, ಹೆಸರು ಯಾರಿಗೂ ಗೊತ್ತಿಲ್ಲದೆ ಕುಳಿತಿದ್ದಾನೆ. ನಾವು ನಗರದ ಸಭಾಮಂಟಪದಲ್ಲಿ ಸಾಲಗಾರನಂತೆ ಕೈಮುಗಿದು ಬಂದು, ಸಾಲ ಕೊಟ್ಟವನ ಮನೆಯ ಮಗುವಿನೆದುರು ಗಡಿಯಾರ ನೋಡುತ್ತಿದ್ದೇವೆ. ಇದಕ್ಕೆ ಕೃತಜ್ಞತೆಯೆಂಬ ಹೆಸರು ಸಲ್ಲುವುದೆ?

ನಮ್ಮ ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು (೧೭೪೬-೧೮೨೨) ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿ, ಒಕ್ಕಲುತನ ಮಾಡಿ, ಬೆಳೆದುದನ್ನು ಹಸಿದವರಿಗೂ ಹಕ್ಕಿಗಳಿಗೂ ತೆರೆದಿಟ್ಟವರು. ಅವರ ದಾಸೋಹಕ್ಕೆ ಬಂದು ಉಂಡವರು ಮರಳಿ ಏನನ್ನು ಕೊಡಬೇಕೆಂಬ ಕರಾರು ಇರಲಿಲ್ಲ. ಉಂಡವನು ಮುಂದೆ ಇನ್ನೊಬ್ಬನಿಗೆ ಉಣಿಸಬೇಕೆಂಬುದೇ ದಾಸೋಹದೊಳಗಿನ ಅಲಿಖಿತ ನಿಯಮ. ಅದೇ ಪೀಠದ ಪೂಜ್ಯ ದೊಡ್ಡಪ್ಪ ಅಪ್ಪನವರು ೧೯೩೪ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದಾಗ, ಅನ್ನದಾಸೋಹವು ಅಕ್ಷರದಾಸೋಹವಾಗಿ ಬೆಳೆಯಿತು. ಅದು ನಿಜಾಮರ ಆಳ್ವಿಕೆಯ ಕಾಲ. ಶಾಲೆಗಳಲ್ಲಿ ಉರ್ದುವಿನ ಪ್ರಾಬಲ್ಯ. ಹೆಣ್ಣುಮಕ್ಕಳು ಓದುವುದೆಂದರೆ ಊರೇ ನಗುತ್ತಿದ್ದ ಕಾಲ. ಅತ್ತ ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು (೧೮೮೯-೧೯೯೯) ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಭಾಗದ ಮನೆಮನೆಯ ಮಾತು. ಈ ಮಹನೀಯರು ಯಾರೂ ಅಪ್-ಡೌನ್ ಮಾಡಿದವರಲ್ಲ. ಕೆಲಸವಿದ್ದಲ್ಲಿ ಅವರ ವಾಸವಿತ್ತು.

ಮಠದ ಋಣದ ಮೇಲೆ ಈಗಿನ ತರುಣರಿಗೆ ಇನ್ನೊಂದು ಋಣವೂ ಸೇರಿದೆ. ನಮ್ಮ ಪ್ರದೇಶವು ೧೯೪೮ರ ಸೆಪ್ಟೆಂಬರಿನಲ್ಲಿ ವಿಮೋಚನೆಗೊಂಡು, ೧೯೫೬ರಲ್ಲಿ ಕನ್ನಡನಾಡಿನೊಡನೆ ಒಂದಾದರೂ, ಶಿಕ್ಷಣದಲ್ಲಿ ಹಿಂದುಳಿದಿದ್ದ ಕಾರಣ ನೌಕರಿಯ ಪಂಕ್ತಿಯಲ್ಲಿ ಬಹುಕಾಲ ಕಡೆಗೆ ಕುಳಿತಿತು. ಡಾ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ೩೯ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ ೨೧ ತಾಲ್ಲೂಕುಗಳು ಗುಲಬರ್ಗಾ ವಿಭಾಗದವು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ನಡೆಸಿದ ಹೋರಾಟದ ಫಲವಾಗಿ ಸಂವಿಧಾನದ ೯೮ನೆಯ ತಿದ್ದುಪಡಿಯಾಗಿ, ೩೭೧(ಜೆ) ಅನುಚ್ಛೇದವು ಬಂದಿತು. ೨೦೧೩ರಿಂದ ಸ್ಥಳೀಯ ವೃಂದದ 'ಎ' ಮತ್ತು 'ಬಿ' ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ ೭೫, 'ಸಿ' ದರ್ಜೆಯಲ್ಲಿ ೮೦, 'ಡಿ' ದರ್ಜೆಯಲ್ಲಿ ೮೫ ಹುದ್ದೆಗಳು ಈ ಭಾಗದವರಿಗೆ ಮೀಸಲಾದವು. ಇಂದು ನಮ್ಮ ಹುಡುಗರು ವೈದ್ಯರಾಗಿ, ಇಂಜಿನಿಯರರಾಗಿ, ಅಧಿಕಾರಿಗಳಾಗಿ, ಶಿಕ್ಷಕರಾಗಿ ನೇಮಕಗೊಳ್ಳುತ್ತಿರುವುದರ ಹಿಂದೆ ಅವರ ಬುದ್ಧಿಶಕ್ತಿಯಷ್ಟೇ ಈ ಅನುಚ್ಛೇದವೂ ಇದೆ.

ಈ ಮೀಸಲಾತಿಯನ್ನು ಕೇಳಿದ ಕಾರಣವೇನು? ನಮ್ಮ ಹುಡುಗರಿಗೆ ಸಂಬಳ ಬರಲೆಂಬುದು ಅರ್ಧ ಕಾರಣ. ಹೊರಗಿನಿಂದ ಬಂದವರು ಇಲ್ಲಿ ನಿಲ್ಲುವುದಿಲ್ಲ, ವರ್ಗಾವಣೆ ಮಾಡಿಸಿಕೊಂಡು ಹೋಗುತ್ತಾರೆ, ಹುದ್ದೆ ಖಾಲಿ ಬೀಳುತ್ತದೆ, ಆದುದರಿಂದ ಇಲ್ಲಿಯವರನ್ನೇ ನೇಮಿಸಿದರೆ ಅವರು ಇಲ್ಲಿಯೇ ನಿಂತು ಕೆಲಸ ಮಾಡುತ್ತಾರೆಂಬುದು ಉಳಿದ ಅರ್ಧ. ಈಗ ಇಲ್ಲಿಯವನೇ ಇಲ್ಲಿಯ ಹಿಂದುಳಿದಿರುವಿಕೆಯ ಪ್ರಮಾಣಪತ್ರವನ್ನು ಹಿಡಿದು ನೌಕರಿ ಪಡೆದು, ಹಿಂದುಳಿದ ಊರಿನಲ್ಲಿ ಒಂದು ರಾತ್ರಿಯೂ ತಂಗಲೊಲ್ಲೆನೆಂದರೆ, ಹೊರಗಿನವನಿಗೂ ಇವನಿಗೂ ಅಂತರವೇನು ಉಳಿಯಿತು? ಆ ವಾದದ ಅರ್ಧವನ್ನು ಉಂಡು ಅರ್ಧವನ್ನು ಉಗುಳಿದಂತಾಯಿತು.

ಇದರ ಪರಿಣಾಮವನ್ನು ಅಂಕಿಗಳು ಹೇಳುತ್ತವೆ. ೨೦೨೫ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ನೂರಕ್ಕೆ ೯೧.೧೨ರ ಫಲಿತಾಂಶದೊಡನೆ ಮೊದಲನೆಯದಾಯಿತು. ನಮ್ಮ ಕಲಬುರಗಿ ಜಿಲ್ಲೆಯು ೪೨.೪೩ರೊಡನೆ ಕಟ್ಟಕಡೆಗೆ ನಿಂತಿತು. ನೂರು ಮಕ್ಕಳಲ್ಲಿ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಅನುತ್ತೀರ್ಣರು! ಇದಕ್ಕೆಲ್ಲ ಬೆಳಗಿನ ಬಸ್ಸೇ ಕಾರಣವೆಂದು ನಾನು ಹೇಳಿದರೆ ಅದು ಅನ್ಯಾಯವಾದೀತು. ಖಾಲಿ ಹುದ್ದೆಗಳಿವೆ, ಬಡತನವಿದೆ, ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳಿವೆ. ಆದರೆ ಖಾಲಿಯಿಲ್ಲದ ಹುದ್ದೆಯಲ್ಲಿ ಕುಳಿತವನು ಅರ್ಧ ಖಾಲಿಯಾಗಿಯೇ ಕುಳಿತಿದ್ದರೆ ಅದೂ ಒಂದು ಕಾರಣವಲ್ಲವೆ? ಮಠದಲ್ಲಿ ಓದಿ ಬಂದ ನಾವು ಸರಕಾರವನ್ನು ದೂರುವ ಮೊದಲು ನಮ್ಮ ಪಾಲಿನ ಲೆಕ್ಕವನ್ನು ಒಪ್ಪಿಸಬೇಕು.

ನನ್ನ ಮಾತಿಗೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಒಳ್ಳೆಯ ಬಾಡಿಗೆ ಮನೆ ಸಿಗುವುದಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ನಗರಕ್ಕೇ ಓಡಬೇಕು. ಹೆಂಡತಿಯ ನೌಕರಿ ಕಲಬುರಗಿಯಲ್ಲಿದೆ. ವೃದ್ಧ ತಾಯಿತಂದೆಗಳ ಚಿಕಿತ್ಸೆ ನಗರದಲ್ಲಿ ನಡೆಯುತ್ತಿದೆ. ಇವು ನೆಪಗಳಲ್ಲ, ನಿಜವಾದ ಕಷ್ಟಗಳು. ಮುಖ್ಯವಾಗಿ, ಒಂಟಿಯಾಗಿ ನೇಮಕಗೊಂಡು ಬಂದ ಹೆಣ್ಣುಮಗಳಿಗೆ ಸುರಕ್ಷಿತವಾದ ವಸತಿಯನ್ನು ಒದಗಿಸದೆ, ಅವಳು ಊರಿನಲ್ಲಿ ನಿಲ್ಲಲಿಲ್ಲವೆಂದು ದೂರುವ ಹಕ್ಕು ಯಾರಿಗೂ ಇಲ್ಲ. ಆದುದರಿಂದ ಬಸ್ಸಿನಲ್ಲಿ ಹೋಗಿಬರುವುದೇ ಮಹಾಪಾಪವೆಂದು ನಾನು ತೀರ್ಪು ಕೊಡುತ್ತಿಲ್ಲ. ಹೋಗಿಬರುತ್ತಲೇ ಶಾಲೆಯ ಗಂಟೆಗೆ ಅರ್ಧ ತಾಸು ಮೊದಲು ಬಂದು, ಕೊನೆಯ ಮಗು ಹೋದ ಮೇಲೆ ಹೊರಡುವ ಶಿಕ್ಷಕಿಯರನ್ನು ನಾನು ಕಂಡಿದ್ದೇನೆ; ಅವರಿಗೆ ನನ್ನ ಶರಣು. ಅಂಥ ಅಡಚಣೆಯಾವುದೂ ಇಲ್ಲದ, ಇನ್ನೂ ಲಗ್ನವಾಗದ, ಗಟ್ಟಿಮುಟ್ಟಾದ ಇಪ್ಪತ್ತೈದರ ತರುಣನು ಮೊದಲ ಮೂರು ವರ್ಷಗಳನ್ನೂ ಊರಿಗೆ ಕೊಡಲಾರೆನೆಂದರೆ, ಅವನ ಕಷ್ಟ ಯಾವುದು? ನಗರದ ಸಾಯಂಕಾಲದ ಮೋಹವೊಂದೇ.

ಇನ್ನೊಂದು ಆಕ್ಷೇಪಣೆ ಹೊಸ ಕಾಲದ್ದು. "ನಾನು ರಾತ್ರಿಹಗಲು ಓದಿ, ಸ್ಪರ್ಧಾತ್ಮಕ ಪರೀಕ್ಷೆ ಪಾಸು ಮಾಡಿ ನೌಕರಿ ಪಡೆದಿದ್ದೇನೆ. ಯಾರ ಹಂಗೂ ನನಗಿಲ್ಲ. ನನ್ನ ಏಳಿಗೆ ನನ್ನ ಕೈಯಲ್ಲಿದೆ." ತಮ್ಮಾ, ಓದಿದವನು ನೀನೇ, ಒಪ್ಪಿದೆ. ಆದರೆ ನೀನು ಓದುವಾಗ ಉರಿದ ದೀಪಕ್ಕೆ ಎಣ್ಣೆಯನ್ನು ಯಾರೋ ಹಾಕುತ್ತಿದ್ದರು. ಆ ಕೈಯನ್ನು ನೆನೆಯುವುದರಿಂದ ನಿನ್ನ ಶ್ರಮಕ್ಕೇನೂ ಕುಂದು ಬರುವುದಿಲ್ಲ. ಏಳಿಗೆಯ ವಿಚಾರವನ್ನೇ ತೆಗೆದುಕೊಂಡರೂ, ನಿನ್ನ ಲೆಕ್ಕ ತಪ್ಪಾಗಿದೆಯೆಂದು ನನ್ನ ಅನುಭವ ಹೇಳುತ್ತದೆ.

ಕಮಲಾಪುರದ ಆ ಕೋಣೆಯಲ್ಲಿ ನಿಂತ ಮೇಲೆ ನನಗೆ ತಿಳಿದ ಮೊದಲ ಸಂಗತಿ ಇದು: ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಪುಷ್ಯಮಾಸದ ಹೊತ್ತಿಗೆ ಗೈರುಹಾಜರಿಯ ಗುರುತುಗಳು ಹೆಚ್ಚಾಗುತ್ತಿದ್ದವು. ಹುಡುಗರು ಸೋಮಾರಿಗಳೆಂದು ನಾನು ಹಿಂದಿನ ವರ್ಷ ಬರೆದಿದ್ದೆನು. ಸಾಯಂಕಾಲ ಮನೆಮನೆಗೆ ಹೋಗಿ ನೋಡಿದರೆ, ಅದು ತೊಗರಿ ಕೊಯ್ಲಿನ ಕಾಲ. ತಾಯಿತಂದೆಗಳು ನಸುಕಿನಲ್ಲಿಯೇ ಹೊಲಕ್ಕೆ ಹೋದರೆ ಕೂಸನ್ನು ಎತ್ತಿಕೊಳ್ಳಲು ದೊಡ್ಡ ಮಗಳು ಬೇಕು, ದನ ನೋಡಲು ದೊಡ್ಡ ಮಗ ಬೇಕು. ಕೂಸನ್ನೂ ಶಾಲೆಗೇ ಎತ್ತಿಕೊಂಡು ಬಾ ಎಂದು ಆ ಹುಡುಗಿಗೆ ಹೇಳಿದೆನು. ದನ ಕಾಯುವವರಿಗಾಗಿ ರಾತ್ರಿ ಕಂದೀಲಿನ ಬೆಳಕಿನಲ್ಲಿ ಒಂದು ತಾಸು ಪಾಠ ಹೇಳಿದೆನು. ಇದು ಮಹಾಕಾರ್ಯವೇನೂ ಅಲ್ಲ. ಆದರೆ ತರಬೇತಿ ಶಾಲೆಯ ಎರಡು ವರ್ಷಗಳಲ್ಲಿ ಯಾವ ಪುಸ್ತಕವೂ ನನಗೆ ಇದನ್ನು ಕಲಿಸಿರಲಿಲ್ಲ. ಮಗು ಏಕೆ ಬರಲಿಲ್ಲವೆಂದು ಬೈಯುವವನು ಹಾಜರಿ ತುಂಬುವವನು. ಹೋಗಿ ನೋಡಿ ಬರುವವನು ಶಿಕ್ಷಕನು. ಈ ಎರಡರ ನಡುವಿನ ಹಾದಿಯನ್ನು ನಾನು ಸಾಯಂಕಾಲದ ಹೊತ್ತಿನಲ್ಲಿಯೇ ನಡೆದೆನು. ನಾಲ್ಕು ಗಂಟೆಯ ಬಸ್ಸು ಹತ್ತಿದ್ದರೆ ಅದು ನನಗೆ ದೊರೆಯುತ್ತಿರಲಿಲ್ಲ. ಇತರ ಇಲಾಖೆಗಳವರ ಮಾತೂ ಇದೇ. ರೋಗಿಯ ಮನೆಯ ನೀರನ್ನು ನೋಡದ ವೈದ್ಯನು, ಹೊಲದ ಬದುವಿನ ಮೇಲೆ ನಡೆಯದ ಕೃಷಿ ಅಧಿಕಾರಿಯು, ತಾಂಡಾದ ಹಾದಿ ತಿಳಿಯದ ಗುಮಾಸ್ತನು ಮೂವತ್ತು ವರ್ಷ ನೌಕರಿ ಮಾಡಿದರೂ ಮೊದಲ ವರ್ಷದ ನೌಕರಿಯನ್ನೇ ಮೂವತ್ತು ಸಲ ಮಾಡಿರುತ್ತಾನೆ.

ಕಮಲಾಪುರದ ಕೆಂಪು ಬಾಳೆಯನ್ನು ನೀವೆಲ್ಲ ಬಲ್ಲಿರಿ. ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದ ಹಣ್ಣು ಅದು. ಕಮಲಾಪುರ, ರಾಜನಾಳ, ನವನಿಹಾಳಗಳ ಕಣಿವೆಯ ನೆಲದಲ್ಲಿ ಬೆಳೆಯುವಂಥದು. ಬೇರೆ ಬಾಳೆಗಿಂತ ಅದಕ್ಕೆ ಹೆಚ್ಚು ತಿಂಗಳು ಬೇಕು, ಹೆಚ್ಚು ಆರೈಕೆ ಬೇಕು. ಅವಸರದ ರೈತನು ಅದನ್ನು ಹಚ್ಚುವುದಿಲ್ಲ. ಗೊನೆ ಬಿಟ್ಟ ಗಿಡವು ತಾನು ಹೋಗುವ ಮೊದಲು ಬುಡದಲ್ಲಿ ಕಂದುಗಳನ್ನು ಬಿಟ್ಟು ಹೋಗುತ್ತದೆ. ಮುಂದಿನ ತೋಟವು ಆ ಕಂದುಗಳಿಂದಲೇ. ದಿನವೂ ಬೆಳಿಗ್ಗೆ ಕಿತ್ತು ಇಲ್ಲಿಗೆ ತಂದು, ಸಾಯಂಕಾಲ ಕಿತ್ತು ನಗರಕ್ಕೆ ಒಯ್ದರೆ ಯಾವ ಗಿಡ ತಾನೇ ಬೇರು ಬಿಟ್ಟೀತು?

ಇಷ್ಟು ಹೊತ್ತು ತರುಣರಿಗೆ ಹೇಳಿದ್ದಾಯಿತು. ಇನ್ನು ಹಿರಿಯರಿಗೆ ಹೇಳದಿದ್ದರೆ ಈ ಲೇಖನವು ಏಕಪಕ್ಷೀಯವಾಗುತ್ತದೆ. ಕೃತಜ್ಞತೆಯ ಹೆಸರಿನಲ್ಲಿ ತರುಣರನ್ನು ಹಿಂಡುವವರೂ ನಮ್ಮ ನಡುವೆ ಇದ್ದಾರೆ. ಖಾಸಗಿ ಆಡಳಿತ ಮಂಡಳಿಯ ಶಾಲೆ ಕಾಲೇಜುಗಳಲ್ಲಿ ಹೊಸದಾಗಿ ಸೇರಿದ ಉಪನ್ಯಾಸಕನು ಒಂದು ಮೊತ್ತಕ್ಕೆ ಸಹಿ ಹಾಕಿ ಇನ್ನೊಂದು ಮೊತ್ತವನ್ನು ಕೈಗೆ ಪಡೆಯುವ ಪದ್ಧತಿಯನ್ನು ಅರಿಯದವರಾರು? ನೇಮಕದ ಪತ್ರವನ್ನು ಕೇಳಿದರೆ, "ನಮ್ಮ ಮನೆಯ ಹುಡುಗನೆಂದು ಕೆಲಸ ಕೊಟ್ಟೆವು, ಉಪಕಾರ ಸ್ಮರಣೆ ಇರಲಿ" ಎಂಬ ಉತ್ತರ. ಸಂಬಳ ಮೂರು ತಿಂಗಳು ತಡವಾಯಿತೆಂದರೆ, "ಇದು ಸೇವೆಯಪ್ಪಾ" ಎಂಬ ಉಪದೇಶ. ಸೇವೆಯೆಂಬ ಪವಿತ್ರ ಪದವನ್ನು ದುಡಿದವನ ಕೂಲಿಯನ್ನು ಹಿಡಿದಿಟ್ಟುಕೊಳ್ಳಲು ಬಳಸುವುದು ಶರಣಧರ್ಮಕ್ಕೆ ಮಾಡುವ ದ್ರೋಹ. ಅನ್ನವಿಕ್ಕಿದವನು ಉಂಡವನ ನಾಲಗೆಯನ್ನು ಒತ್ತೆಯಿಟ್ಟುಕೊಳ್ಳುವುದಾದರೆ ಅದು ದಾಸೋಹವಲ್ಲ, ಬಡ್ಡಿವ್ಯವಹಾರ.

ಶರಣರ ಕಾಲದ ಕಥೆಯೊಂದನ್ನು ನೆನಪಿಸುತ್ತೇನೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನು ಅದನ್ನು ಒಲೆಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಸುರಿದು ಬರುವಂತೆ ಮಾಡಿದಳು. ತನ್ನದಲ್ಲದ ಹಿಡಿ ಅಕ್ಕಿಯೂ ಬೇಡವೆಂದ ಆ ತಾಯಿಯು ಈಗ ಬಂದರೆ ಇಬ್ಬರನ್ನೂ ಬಿಡಲಾರಳು. ಕೆಲಸವಿಲ್ಲದ ತಾಸುಗಳ ಸಂಬಳವನ್ನು ಎಣಿಸಿಕೊಳ್ಳುವ ನೌಕರನ ಮನೆಯಲ್ಲಿ ಹೆಚ್ಚಿನ ಅಕ್ಕಿಯಿದೆ. ಕೆಲಸ ಮಾಡಿಸಿಕೊಂಡು ಸಂಬಳವನ್ನು ತಡೆಹಿಡಿದ ಆಡಳಿತ ಮಂಡಳಿಯ ಉಗ್ರಾಣದಲ್ಲಿಯೂ ಹೆಚ್ಚಿನ ಅಕ್ಕಿಯಿದೆ. ಎರಡನ್ನೂ ತಂದಲ್ಲಿಗೇ ಸುರಿಯಬೇಕು.

ಆದುದರಿಂದ ತರುಣ ಬಂಧುಗಳೇ, ಕೃತಜ್ಞತೆಯನ್ನು ಹೇಡಿತನವೆಂದು ತಿಳಿಯಬೇಡಿರಿ. ಅನ್ಯಾಯ ಕಂಡರೆ ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಿರಿ. ನೇಮಕದ ಪತ್ರವನ್ನು ಕೇಳುವುದು ಕೃತಘ್ನತೆಯಲ್ಲ. ಲಕ್ಕಮ್ಮನು ಗಂಡನನ್ನೇ ಪ್ರಶ್ನಿಸಿದಳು. ಅದರಿಂದ ಅವಳ ಭಕ್ತಿಗೆ ಕುಂದು ಬರಲಿಲ್ಲ.

ಕೊನೆಯದಾಗಿ ಮಠದ ಹಳೆಯ ವಿದ್ಯಾರ್ಥಿಗಳ ಮುಂದೆ ನನ್ನ ಬೇಡಿಕೆಯನ್ನು ಇಡುತ್ತೇನೆ. ನಮ್ಮ ವಾರ್ಷಿಕ ಸಮ್ಮೇಳನದಲ್ಲಿ ಈ ವರ್ಷ ಹೂಮಾಲೆಗಳನ್ನು ನಿಲ್ಲಿಸೋಣ. ನೌಕರಿಗೆ ಸೇರಿ ಐದು ವರ್ಷ ತುಂಬದ ಪ್ರತಿಯೊಬ್ಬನೂ ವೇದಿಕೆಯನ್ನೇರಿ ಎರಡೇ ಮಾತು ಹೇಳಲಿ: ನಾನು ಕೆಲಸ ಮಾಡುವ ಊರು ಇಂಥದು, ಅಲ್ಲಿ ನಾನು ಕಲಿತದ್ದು ಇದು. ಆ ಊರಿನಿಂದ ಓದಲು ಗತಿಯಿಲ್ಲದ ಒಂದು ಮಗುವನ್ನು ಕೈಹಿಡಿದು ತಂದು ಪ್ರಸಾದನಿಲಯಕ್ಕೆ ಸೇರಿಸಲಿ. ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ನೆಲೆಸಿ, ಕಟ್ಟಡಕ್ಕೆ ಕಲ್ಲಿನ ಫಲಕ ಹಾಕಿಸಲು ಹಣ ಕಳಿಸುವ ಹಿರಿಯರು, ಆ ಹಣದಿಂದ ಕಮಲಾಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ಹೊಸದಾಗಿ ನೌಕರಿಗೆ ಬಂದ ಹೆಣ್ಣುಮಕ್ಕಳಿಗಾಗಿ ಹತ್ತು ಕೋಣೆಗಳ ಒಂದು ವಸತಿಗೃಹವನ್ನು ಕಟ್ಟಿಸಲಿ. ನಿಲ್ಲಲು ನೆಲೆಯಿಲ್ಲವೆಂಬ ಮಾತು ಅಲ್ಲಿಗೆ ಮುಗಿಯುತ್ತದೆ. ಮಠಗಳ ಹೆಸರಿನಲ್ಲಿ ಶಿಕ್ಷಣ ಸಂಸ್ಥೆಗಳನ್ನು ನಡೆಸುವವರು, ತಮ್ಮಲ್ಲಿಯ ಕಿರಿಯ ನೌಕರರಿಗೆ ತಿಂಗಳ ಮೊದಲ ವಾರದಲ್ಲಿ ಪೂರ್ಣ ಸಂಬಳ ಕೊಟ್ಟೆವೆಂದು ಅದೇ ಸಭೆಯಲ್ಲಿ ಲೆಕ್ಕ ಓದಲಿ.

ಅಡುಗೆಯ ಅಜ್ಜನು ಲಿಂಗೈಕ್ಯನಾಗಿ ಬಹಳ ವರ್ಷಗಳಾದವು. ಕಮಲಾಪುರದಲ್ಲಿ ಕೋಣೆ ಹಿಡಿದ ಮರುವರ್ಷ ನಾನು ಬರಿಗೈಯಿಂದ ಅವನಲ್ಲಿಗೆ ಹೋಗಿದ್ದೆನು. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಕೇಳುವ ಮೊದಲೇ ಐವತ್ತೆರಡು ಹೆಸರುಗಳನ್ನು ಹೇಳಿದೆನು. ಅವರಲ್ಲಿ ಯಾರು ಗುಳೆ ಹೋದರು, ಯಾರು ಹಿಂತಿರುಗಿ ಬಂದರು ಎಂಬುದನ್ನೂ ಹೇಳಿದೆನು. ಅಜ್ಜನು ಎಲ್ಲವನ್ನೂ ಕೇಳಿ, "ಕೈಕಾಲು ತೊಳಕೊ, ರೊಟ್ಟಿ ಬಿಸಿ ಅದ" ಎಂದನು.

ಹೊಸದಾಗಿ ನೌಕರಿಗೆ ಸೇರಿದ ನಮ್ಮ ಮಕ್ಕಳಿಗೆಲ್ಲ ಹತ್ತು ಹೆಸರು ಹೇಳುವ ಶಕ್ತಿ ಬರಲೆಂದು ಹಾರೈಸಿ ವಿರಮಿಸುತ್ತೇನೆ.